ಉಸಿರೆತ್ತದವರು

ಪೋಲೆಂಡಿನ ವೂಚ್ ನಗರ, ಹಳೆಯ ಶಾಲೆಯೊಂದರ ವ್ಯಾಯಾಮದ ಕೋಣೆ,
ಫೆಬ್ರವರಿಯ ಶನಿವಾರ, ಬೆಳಗಿನ ಒಂಬತ್ತು.
ಗೋಡೆಗೆ ಹೊಡೆದ ಮರದ ಏಣಿಗಳು, ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳು,
ನಡುವೆ ನೀಲಿ ಚಾಪೆಗಳ ಮೇಲೆ ನಾವು ಹನ್ನೊಂದು ಮಂದಿ,
ಅಂಗಾತ.

ಊರಿನ ಮನಸ್ಸುಗಳನ್ನು ರಿಪೇರಿ ಮಾಡುವವರೆಂದು
ಬೋರ್ಡು ಹಾಕಿಕೊಂಡವರು. ಶೂ ಬಿಚ್ಚಿದ ಮೇಲೆ ನೋಡಿದರೆ
ಒಬ್ಬೊಬ್ಬರ ಕಾಲುಚೀಲದಲ್ಲೂ ಒಂದೊಂದು ತೂತು.

ಹೇಳಿಕೊಡಲು ಬಂದವಳು ಬ್ಲಾಂಕಾ. ಇಪ್ಪತ್ತಾರು ದಾಟಿರಲಿಕ್ಕಿಲ್ಲ.
'ನಾಲ್ಕೆಣಿಸುತ್ತ ಒಳಗೆ, ಆರೆಣಿಸುತ್ತ ಹೊರಗೆ' ಅನ್ನುತ್ತಾಳೆ,
ನಾವೆಲ್ಲರೂ ವಾರಕ್ಕೆ ನಲವತ್ತು ಸಲ
ಎದುರು ಕುರ್ಚಿಗೆ ಹೇಳುವ ಮಾತನ್ನು
ನಮಗೇ.
ಅಡುಗೆಯವರಿಗೆ ಬಡಿಸಲು ಬಂದವಳ ಹಾಗೆ
ಅವಳ ಕೈ ಸ್ವಲ್ಪ ನಡುಗುತ್ತದೆ.

ಒಳಗೆ. ಒಂದು, ಎರಡು...
ಮೂರರ ಹೊತ್ತಿಗೆ ಮಂಗಳವಾರ ನಾಲ್ಕು ಗಂಟೆಯವನು ಬಂದು ಕೂತ.
ಟ್ರಾಮ್ ಓಡಿಸುತ್ತಿದ್ದವನು. ಹಳಿಯ ಮೇಲೆ ಕಂಡ ಕೆಂಪು ಟೊಪ್ಪಿಗೆಯನ್ನು
ಪ್ರತಿ ವಾರ ತಂದು ನನ್ನ ಮೇಜಿನ ಮೇಲಿಟ್ಟು
ತಾನು ಹಗುರಾಗಿ ಹೋಗುತ್ತಾನೆ.
ಟೊಪ್ಪಿಗೆಗಳೆಲ್ಲ ನನ್ನಲ್ಲೇ ಉಳಿದಿವೆ.
ಹೊರಗೆ. ಒಂದು, ಎರಡು...
ಹೊರಗೆ ಹೋಗಲು ಅವಕ್ಕೆ ಅಪ್ಪಣೆಯಿಲ್ಲ.

ಯಾರ ಹತ್ತಿರವೂ ಉಸಿರೆತ್ತಬಾರದು:
ನಮ್ಮ ಕಸುಬಿನ ಮೊದಲ ಕಟ್ಟಳೆ.
ಗಂಡನ ಹತ್ತಿರ, ಗೆಳತಿಯ ಹತ್ತಿರ, ನಿದ್ದೆಯ ಕನವರಿಕೆಯಲ್ಲೂ.
ಹತ್ತೊಂಬತ್ತು ವರ್ಷ ಉಸಿರೆತ್ತದೆ ಬದುಕಿದವಳಿಗೆ
ಈಗ ಉಸಿರಾಡು ಎಂದರೆ
ಎಲ್ಲಿಂದ ಶುರು ಮಾಡಲಿ?

'ಮುಷ್ಟಿ ಬಿಗಿಹಿಡಿಯಿರಿ. ಇನ್ನೂ. ಈಗ ಬಿಡಿ.'
ಎಡಗೈ ಬಿಟ್ಟಿತು. ಬಲಗೈ ಇಲ್ಲ.
ಗುರುವಾರ ಒಬ್ಬ ತಾಯಿ ಅದನ್ನು ಹಿಡಿದು
ಐವತ್ತು ನಿಮಿಷ ಒಂದು ಮಾತೂ ಆಡದೆ ಕೂತಿದ್ದಳು.
ಎದ್ದು ಹೋಗುವಾಗ ದುಡ್ಡು ಎಣಿಸಿ ಕೊಟ್ಟಳು,
ಕೈ ವಾಪಸ್ಸು ಕೊಟ್ಟಳೋ ಇಲ್ಲವೋ
ನಾನು ನೋಡಿಕೊಂಡಿರಲಿಲ್ಲ.

ಪಕ್ಕದ ಚಾಪೆಯಲ್ಲಿ ಬೊಗುಮಿಲಾ, ನಮ್ಮೆಲ್ಲರಿಗಿಂತ ಹಿರಿಯಳು,
ಕಣ್ಣು ಮುಚ್ಚಿದ್ದಾಳೆ; ರೆಪ್ಪೆಯ ಕೆಳಗೆ ಗುಡ್ಡೆಗಳು
ಲೆಕ್ಕ ತಾಳೆಯಾಗದ ಗುಮಾಸ್ತನಂತೆ
ಅತ್ತಿಂದಿತ್ತ ಓಡಾಡುತ್ತಿವೆ.
ಆಚೆ ಯಾರದೋ ಹೊಟ್ಟೆ ಗುರುಗುಟ್ಟಿತು.
ಯಾರೋ ಕ್ಷಮಿಸಿ ಅಂದರು.
ವಿಶ್ರಾಂತಿಯಲ್ಲೂ ನಮಗೆ
ಮೊದಲ ದರ್ಜೆಯೇ ಬೇಕು.

ಆಗ, ಬಾಗಿಲ ಬಳಿಯ ಚಾಪೆಯಿಂದ
ಒಂದು ಗೊರಕೆ.

ಝೆನೊನ್. ಮಕ್ಕಳ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಎರಡು ಟ್ರಾಮ್ ಬದಲಿಸಿ ನೇರ ಬಂದವನು.
ಯಾವ ಮಗುವಿನ ಪಕ್ಕ ಬೆಳಗು ಮಾಡಿದನೋ,
ಅದರ ಹೆಸರು ನಮಗೆಂದೂ ಗೊತ್ತಾಗುವುದಿಲ್ಲ.
ಮೊದಲು ಸಣ್ಣದು, ಸಂದಿಯಲ್ಲಿ ನುಸುಳುವ ಬೆಕ್ಕಿನಷ್ಟು.
ಆಮೇಲೆ ಕಬ್ಬಿಣದ ಟ್ರಂಕನ್ನು ಮೆಟ್ಟಿಲ ಮೇಲೆ ಎಳೆದ ಹಾಗೆ,
ಮೇಲೆ ಬಂದು ಒಂದು ಕ್ಷಣ ನಿಂತು
ಪುಸ್ಸೆಂದು ಇಳಿದ ಹಾಗೆ.

ಬ್ಲಾಂಕಾ ಎಣಿಕೆ ತಪ್ಪಿದಳು.
ಎಬ್ಬಿಸಲೇ ಎಂದು ನಮ್ಮ ಮುಖ ನೋಡಿದಳು.
ಬೊಗುಮಿಲಾ ಕಣ್ಣು ತೆರೆಯದೆಯೇ
ತುಟಿಗೆ ಬೆರಳಿಟ್ಟಳು.

ಅಂಕಿಗಳಿಲ್ಲದ ಹತ್ತು ನಿಮಿಷ.
ಅವನೆಳೆದಾಗ ನಾವೂ ಎಳೆದೆವು,
ಅವನು ನಿಂತಲ್ಲಿ ನಿಂತೆವು,
ಮುಂದಿನದು ಬರುತ್ತದೋ ಇಲ್ಲವೋ ಎಂದು
ತೊಟ್ಟಿಲ ಪಕ್ಕ ಬಗ್ಗಿ ಕಾಯುವವರ ಹಾಗೆ.
ಅವನು ಬಿಟ್ಟಾಗ ಬಿಟ್ಟೆವು.
ಬಿಸಿನೀರಿನ ಕೊಳವೆಗಳು ಟಕ್ ಟಕ್ ಅಂದವು.
ಹೊರಗೆ ಟ್ರಾಮ್ ತಿರುವಿನಲ್ಲಿ ಕಿರುಚಿತು;
ಕೆಂಪು ಟೊಪ್ಪಿಗೆಯೊಂದು ಕಂಡಿತು, ಕಂಡು
ಇದ್ದಲ್ಲೇ ಇತ್ತು.

ಬಲಗೈ? ಗೊತ್ತಿಲ್ಲ.
ಯಾವಾಗಲೋ ನೋಡಿದರೆ ತೆರೆದು ಬಿದ್ದಿತ್ತು,
ಅದರಲ್ಲಿ ಏನೂ ಇರಲಿಲ್ಲ.

ಝೆನೊನ್ ಎದ್ದ. ತಲೆಗೂದಲು ಒಂದು ಕಡೆ ಚಪ್ಪಟೆ.
'ಏನು ಕಲಿಸಿದರು? ತಪ್ಪಿಸಿಕೊಂಡೆನೇ?' ಎಂದ.
ಶೂಗಳ ಲಾಡಿ ಕಟ್ಟುತ್ತ ನಾವು ಹತ್ತು ಮಂದಿ
ಯಾರೂ ಉಸಿರೆತ್ತಲಿಲ್ಲ.